ಕುದುರೆ ಒದ್ದ ಮೂಳೆ

ಅತ್ತೆಯ ಕೈ ಮುರಿದದ್ದು ಗೇಣೆತ್ತರದ ಮಣೆಯಿಂದ ಬಿದ್ದು. ಬೀದಿಗೆಲ್ಲ ಗೊತ್ತಾದದ್ದು ಏಣಿಯಿಂದ ಬಿದ್ದು ಅಂತ. ನಿಜ ಗೊತ್ತಿದ್ದವರು ಇಡೀ ಲೋಕದಲ್ಲಿ ಇಬ್ಬರೇ. ಒಬ್ಬರು ಬಿದ್ದ ಅತ್ತೆ, ಇನ್ನೊಬ್ಬಳು ಎದುರಿಗೇ ನಿಂತು ನೋಡಿದ ಸೊಸೆ.

ಅವರದು ಪರದೆ ಹೊಲಿಯುವ ಮನೆ. ಮುಂದಿನ ಕೋಣೆಯೇ ಅಂಗಡಿ. ಸೊಸೆ ಬಟ್ಟೆ ಕತ್ತರಿಸುತ್ತಾಳೆ, ಅವಳ ಗಂಡ ಮಿಶನ್ನಿನಲ್ಲಿ ಕೂತು ಹೊಲಿಯುತ್ತಾನೆ, ಇಪ್ಪತ್ತು ವರ್ಷದ ಮಗಳು ಅಂಚು ಮಡಿಸಿ ಇಸ್ತ್ರಿ ಹಾಕುತ್ತಾಳೆ. ಗಾಳಿ ಜೋರಾಗಿ ಬೀಸಿದರೆ ಹಾರಿಹೋಗುವ ಹಾಗಿದ್ದ ಆ ಹುಡುಗಿಗೆ ಮನೆಯಲ್ಲಿ ಕಡ್ಡಿ ಅಂತಲೇ ಹೆಸರು. ಆದರೆ ಗಿರಾಕಿಗಳ ಮನೆಗೆ ಹೋಗಿ, ಏಣಿ ಹತ್ತಿ, ಪರದೆ ತೂಗುಹಾಕುವುದು ಮಾತ್ರ ಎಪ್ಪತ್ತೊಂದು ವರ್ಷದ ಅತ್ತೆಯ ಹಕ್ಕು. ಗಂಡ ತೀರಿಕೊಂಡ ವರ್ಷ ಏಣಿ ಹತ್ತಿದವರು ಇನ್ನೂ ಇಳಿದಿಲ್ಲ ಅಂತ ಬೀದಿಯವರು ತಮಾಷೆ ಮಾಡುತ್ತಿದ್ದರು. ಎಲ್ಲರಿಗೂ ಅವರು ಪರದೆಯಮ್ಮ.

ಅಂದು ಬೆಳಿಗ್ಗೆ ಪರದೆಯ ಕೊಂಡಿಗಳು ಬೇಕಾಗಿದ್ದವು. ಅವು ಇರುವುದು ಒಳಕೋಣೆಯ ಮರದ ಬೀರುವಿನ ಕೊನೆಯ ಡ್ರಾಯರಿನಲ್ಲಿ. ಅದು ಮೊದಲೇ ಬಿಗಿ. ಅತ್ತೆ ಮೋಟು ಮಣೆಯ ಮೇಲೆ ಕೂತು ಹಿಡಿ ಹಿಡಿದು ಎಳೆದರು. ಬರಲಿಲ್ಲ. ಹಲ್ಲು ಕಚ್ಚಿ ಇನ್ನೊಮ್ಮೆ ಎಳೆದರು. ಡ್ರಾಯರೂ ಬಂತು, ಅತ್ತೆಯೂ ಬಂದರು. ಹಿಂದಕ್ಕೆ ವಾಲಿ, ಎಡಗೈ ಊರಿ, ನೆಲಕ್ಕೆ ಕೂತರು. ಬಿದ್ದರು ಅನ್ನುವುದಕ್ಕಿಂತ ಕೂತರು ಅನ್ನುವುದೇ ಸರಿ. ಆದರೂ ಮಣಿಕಟ್ಟಿನಲ್ಲಿ ಒಣ ರೆಂಬೆ ಮುರಿದ ಹಾಗೆ ಒಂದು ಸದ್ದು.

"ಅಯ್ಯೋ ಅತ್ತೆ!"

"ಕೂಗ್ಬೇಡ್ವೇ, ಬೀದಿಗೆ ಕೇಳುತ್ತೆ."

"ಕೈ ಸೊಟ್ಟ ಆಗಿದೆ ನೋಡಿ!"

"ಕೈ ಆಮೇಲೆ ನೋಡೋಣ. ಮೊದ್ಲು ಆ ಏಣೀನ ತಂದು ಇಲ್ಲಿ ಮಲಗಿಸು."

"ಏಣಿ ಯಾಕೆ?"

"ಏಣಿಯಿಂದ ಬಿದ್ದೆ ಅನ್ನು. ಪರದೆಯಮ್ಮ ಮಣೆಯಿಂದ ಬಿದ್ದು ಕೈ ಮುರ್ಕೊಂಡ್ಲು ಅಂದ್ರೆ ನಾಳೆಯಿಂದ ಯಾರು ನನ್ನನ್ನ ಏಣಿ ಹತ್ತೋಕೆ ಬಿಡ್ತಾರೆ? ನನ್ನ ಮೇಲಾಣೆ, ಬಾಯಿ ಬಿಡ್ಬೇಡ."

ಮದುವೆಯಾಗಿ ಬಂದ ಇಪ್ಪತ್ತೊಂದು ವರ್ಷದಲ್ಲಿ ಅತ್ತೆಯ ಮಾತಿಗೆ ಎದುರಾಡಿ ಗೆದ್ದವರನ್ನು ಸೊಸೆ ಕಂಡಿರಲಿಲ್ಲ. ಏಣಿ ತಂದು ಅತ್ತೆಯ ಪಕ್ಕದಲ್ಲಿ ಮಲಗಿಸಿದಳು. ಆಮೇಲೆ ಗಂಡನನ್ನು ಕೂಗಿದಳು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ ಪ್ಲಾಸ್ಟರು ಸುತ್ತುತ್ತಾ ಕೇಳಿದರು, "ಹೇಗೆ ಬಿದ್ರಿ ಅಜ್ಜಿ?"

"ಏಣಿಯಿಂದ."

"ಎಷ್ಟು ಮೇಲಿಂದ?"

"ಬಲ್ಬು ಕೈಗೆ ಸಿಗ್ತಿತ್ತು."

"ಅಷ್ಟು ಎತ್ತರದಿಂದ ಬಿದ್ರೆ ಇಪ್ಪತ್ತರ ಹುಡುಗಂಗೂ ಮುರಿಯುತ್ತೆ, ಬಿಡಿ. ನಿಮ್ಮ ತಾಯಿಗೆ ಯಾವತ್ತಾದ್ರೂ ಸೊಂಟದ ಮೂಳೆ ಮುರಿದಿತ್ತಾ?"

"ಮುರಿದಿತ್ತು. ಆದ್ರೆ ಅದು ಕುದುರೆ ಒದ್ದು! ನಮ್ಮ ತವರಿನ ಮೂಳೆ ಅಂದ್ರೆ ಕಬ್ಬಿಣ ಕಣಮ್ಮ. ಕುದುರೆಯೇ ಬರಬೇಕು ಅದನ್ನ ಮುರಿಯೋಕೆ."

ಡಾಕ್ಟರಮ್ಮ ನಕ್ಕು, ಬರೆಯಲು ಎತ್ತಿದ್ದ ಪೆನ್ನು ಕೆಳಗಿಟ್ಟರು. ಆರು ವಾರ ಬಿಟ್ಟು ಬನ್ನಿ ಅಂದರು. ಇಪ್ಪತ್ತರ ಹುಡುಗನ ಮಾತು ಅತ್ತೆಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬರುವಷ್ಟರಲ್ಲಿ ಅದನ್ನು ಆಟೋದವನಿಗೆ ಒಂದು ಸಲ, ಔಷಧಿ ಅಂಗಡಿಯವನಿಗೆ ಒಂದು ಸಲ ಹೇಳಿ ಮುಗಿಸಿದ್ದರು. ಸೊಸೆ ಮಾತ್ರ ಕೆಳಗಿಟ್ಟ ಆ ಪೆನ್ನನ್ನೇ ನೆನೆಯುತ್ತಾ ಬಂದಳು. ಡಾಕ್ಟರು ಏನೋ ಕೇಳಬೇಕೆಂದಿದ್ದರು, ಸುಳ್ಳು ಕೇಳಿ ಸುಮ್ಮನಾದರು. ಕೂತಲ್ಲೇ ಕೈ ಮುರಿಯುವ ಮನುಷ್ಯರು ನಾಳೆ ನಿಜವಾಗಿ ಬಿದ್ದರೆ ಏನೇನು ಮುರಿದೀತು?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಮನೆಯಲ್ಲಿ ಶಿಕ್ಷೆಯಾದದ್ದು ಏಣಿಗೆ. ಮಗ ಅದನ್ನು ಹಿತ್ತಿಲ ಕಿಟಕಿಯ ಸರಳಿಗೆ ಸರಪಳಿ ಸುತ್ತಿ ಬೀಗ ಹಾಕಿದ. ಬೀಗದ ಕೈ ತನ್ನ ಜೇಬಿಗೆ ಇಳಿಸಿದ.

"ಏನೋ ಇದು, ಕಳ್ಳನ್ನ ಕಟ್ಟಿದ ಹಾಗೆ?" ಅಂದರು ಅತ್ತೆ.

"ಸಾಕಮ್ಮ. ಇನ್ಮೇಲೆ ಏಣಿ ಅನ್ನೋ ಮಾತೇ ಈ ಮನೇಲಿ ಬೇಡ."

"ಹಾಗಾದ್ರೆ ಶಾಲೆಯ ವೇದಿಕೆಗೆ ಒಪ್ಕೊಂಡಿರೋ ಪರದೆಗಳನ್ನ ಯಾರು ಹಾಕ್ತಾರೆ? ನೀನಾ? ಕುರ್ಚಿ ಹತ್ತಿದ್ರೆ ತಲೆ ತಿರುಗೋ ಶೂರ!"

ಅದು ನಿಜವೇ. ಮಗ ಪರದೆ ಹೊಲಿಯುವುದರಲ್ಲಿ ಎಷ್ಟು ಗಟ್ಟಿಗನೋ ಎತ್ತರದಲ್ಲಿ ಅಷ್ಟೇ ಪುಕ್ಕಲ. ಕೊನೆಗೆ ಮೂರನೇ ವಾರ ಏಣಿಗೆ ಬಿಡುಗಡೆಯಾಯಿತು, ಹತ್ತಿದವಳು ಸೊಸೆ. ಶಾಲೆಯ ಸಭಾಂಗಣದಲ್ಲಿ ಅವಳು ಮೇಲೆ, ಗಂಡ ಕಣ್ಣು ಮುಚ್ಚಿಕೊಂಡು ಏಣಿಯ ಕಾಲು ಹಿಡಿದು ಕೆಳಗೆ, ಕಡ್ಡಿ ಕೊಂಡಿಗಳ ಡಬ್ಬಿ ಹಿಡಿದು ಪಕ್ಕದಲ್ಲಿ. ಪ್ಲಾಸ್ಟರಿನ ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡ ಅತ್ತೆ ಮುಂದಿನ ಸಾಲಿನ ಬೆಂಚಿನಲ್ಲಿ ಕೂತು ಅಲ್ಲಿಂದಲೇ ದರ್ಬಾರು ನಡೆಸಿದರು.

"ಎಡಗಡೆ ಇಳಿದಿದೆ. ನಿನ್ನ ಎಡ ಅಲ್ಲ ಕಣೇ, ನನ್ನ ಎಡ!"

"ನಿಮ್ಮ ಎಡ ನನಗೆ ಹೇಗೆ ಗೊತ್ತಾಗ್ಬೇಕು ಅತ್ತೆ? ನಿಮಗೆ ಬೆನ್ನು ಹಾಕಿ ನಿಂತಿದ್ದೀನೋ, ಮುಖ ಮಾಡಿ ನಿಂತಿದ್ದೀನೋ ನನಗೇ ಗೊತ್ತಾಗ್ತಿಲ್ಲ!"

"ನಾನೇ ಹತ್ತಿದ್ರೆ ಒಂದು ಗಂಟೇಲಿ ಮುಗೀತಿತ್ತು."

"ಹತ್ತಿ ಅಜ್ಜಿ, ಇನ್ನೊಂದು ಕೈ ಖಾಲಿ ಇದೆ," ಅಂದಳು ಕಡ್ಡಿ. ಶಾಲೆಯ ಜವಾನನೂ ನಕ್ಕುಬಿಟ್ಟ.

ಆ ಭಾನುವಾರ ಗಂಡನ ಅಕ್ಕ ಬಂದಳು. ಬಸ್ ನಿಲ್ದಾಣದ ಕೌಂಟರಿನಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ಐವತ್ತಾಗಿತ್ತು. ಗಾಜಿನ ಆಚೆಯವರಿಗೆ ಕೇಳಲಿ ಅಂತ ಕೂಗಿ ಕೂಗಿ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದಳು. ಎಲ್ಲರೂ ಅವಳನ್ನು ಟಿಕೆಟ್ಟಕ್ಕ ಅನ್ನುತ್ತಿದ್ದರು. ಹೋದ ವರ್ಷ ಬಸ್ಸು ಗಕ್ಕನೆ ಬ್ರೇಕ್ ಹಾಕಿ ಪಾದದ ಮೂಳೆ ಬಿರುಕು ಬಿಟ್ಟಿತ್ತಂತೆ. ಮೋಡ ಕವಿದ ದಿನ ಈಗಲೂ ಸ್ವಲ್ಪ ಕುಂಟುತ್ತಿದ್ದಳು.

ಊಟಕ್ಕೆ ಕೂತಾಗ ಶುರುವಾಯಿತು.

"ಎಪ್ಪತ್ತೊಂದು ವರ್ಷದ ಅಮ್ಮನ್ನ ಏಣಿ ಹತ್ತಿಸ್ತೀಯಲ್ಲೋ, ನಾಚಿಕೆ ಆಗಲ್ವಾ?"

"ನಾನು ಹತ್ತಿಸಿದ್ನಾ? ಅಮ್ಮ ನನ್ನ ಮಾತು ಕೇಳ್ತಾರಾ?" ಅಂದ ತಮ್ಮ, ತಟ್ಟೆಯಿಂದ ತಲೆ ಎತ್ತದೆ.

"ಸರಿ, ನೀನು ಇರಲಿಲ್ಲ. ಇವಳಿದ್ಲಲ್ಲ?" ಟಿಕೆಟ್ಟಕ್ಕ ಸೊಸೆಯ ಕಡೆ ತಿರುಗಿದಳು. "ಏನಮ್ಮ, ಅತ್ತೆ ಮೇಲಿಂದ ಬೀಳ್ತಿದ್ರೆ ಕೆಳಗೆ ನಿಂತು ತಮಾಷೆ ನೋಡ್ತಿದ್ಯಾ? ಏಣಿ ಹಿಡ್ಕೊಳ್ಳೋಕೆ ಕೈಗೆ ಏನಾಗಿತ್ತು?"

ಸೊಸೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅತ್ತೆಯ ಕಡೆ ನೋಡಿದಳು. ಅತ್ತೆ ಮೊಸರಿನಲ್ಲಿ ಏನೋ ಕಳೆದುಹೋಗಿದೆ ಎಂಬಂತೆ ಅದನ್ನೇ ಕಲಸುತ್ತಿದ್ದರು.

"ತಪ್ಪಾಯ್ತು ಅತ್ತಿಗೆ," ಅಂದಳು ಸೊಸೆ.

"ತಪ್ಪಾಯ್ತಂತೆ! ಸೊಂಟ ಮುರಿದಿದ್ರೆ?"

"ಏಯ್, ಊಟ ಮಾಡು ಸಾಕು," ಅಂದರು ಅತ್ತೆ. ಅಷ್ಟೇ ಅಂದರು.

ಟಿಕೆಟ್ಟಕ್ಕ ಹೋದ ಮೇಲೆ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಕೋಪಾನಾ?"

"ನನಗ್ಯಾಕೆ ಕೋಪ? ನಾನು ಏಣಿ ಹಿಡ್ಕೊಳ್ಳದೆ ತಮಾಷೆ ನೋಡಿದವಳು."

"ಇನ್ನು ಮೂರು ವಾರ ಸುಮ್ನಿರೇ. ಪ್ಲಾಸ್ಟರು ಬಿಚ್ಚಲಿ. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ ಅತ್ತೆ, ಬೀಳ್ಬೇಡಿ. ಇನ್ನೇನಾದ್ರೂ ಮುರಿದೀತು."

ಅತ್ತೆಗೆ ನಗು ಬಂತು. ಸೊಸೆಗೂ ಬಂತು, ಆದರೆ ಪೂರ್ತಿ ಬರಲಿಲ್ಲ. ತೊಳೆದ ತಟ್ಟೆಯನ್ನು ಇನ್ನೊಮ್ಮೆ ತೊಳೆಯುತ್ತಾ ಹೇಳಿದಳು, "ನನ್ನ ಮೇಲೆ ಬಂದ ಮಾತು ಹೋಗಲಿ. ಡಾಕ್ಟರಿಗೆ ಮಾತ್ರ ನಿಜ ಹೇಳಿಬಿಡಿ. ಕೂತಲ್ಲೇ ಮುರಿಯೋ ಮೂಳೆ ಒಳ್ಳೇ ಲಕ್ಷಣ ಅಲ್ಲ. ನೀವು ಹಾಸಿಗೆ ಹಿಡಿದ್ರೆ ಈ ಮನೆ ಹೇಗೆ ನಡೆಯುತ್ತೆ?"

"ನಮ್ಮದು ಕುದುರೆಗೆ ಮಾತ್ರ ಬಗ್ಗೋ ಮೂಳೆ ಕಣೇ," ಅಂದು ಅತ್ತೆ ಹೊರಟುಹೋದರು.

ಐದನೇ ವಾರ ಆ ಕುದುರೆ ಮನೆಗೇ ಬಂತು. ಅಂದರೆ ಅತ್ತೆಯ ಅಣ್ಣ ಬಂದರು. ಎಂಬತ್ತೆರಡು ವರ್ಷ. ಬದುಕಿಡೀ ಗಡಿಯಾರ ರಿಪೇರಿ ಮಾಡಿದವರು. ಟೀ ಕೊಟ್ಟರೂ ಕಪ್ಪನ್ನು ಕಿವಿಯ ಹತ್ತಿರ ಹಿಡಿದು ನೋಡುತ್ತಾರೆ ಅಂತ ಕಡ್ಡಿ ಅಣಕಿಸುತ್ತಿದ್ದಳು. ತಂಗಿಯನ್ನು ನೋಡಲು ಅಂತ ಎರಡು ಡಜನ್ ಮೊಟ್ಟೆ ಹಿಡಿದು ಬಂದಿದ್ದರು. ಟಿಕೆಟ್ಟಕ್ಕನೂ ರಜ ಹಾಕಿ ಬಂದಿದ್ದಳು. ಊಟದ ಮಧ್ಯೆ ಅತ್ತೆ ತಮ್ಮ ಎಂದಿನ ಕತೆ ತೆಗೆದರು.

"ನಮ್ಮಮ್ಮಂಗೆ ಕುದುರೆ ಒದ್ದಾಗ ಅವಳಿಗೆ ಅರವತ್ತಾರು. ಅಂಥಾ ಕುದುರೆ! ಅಲ್ವೇನಣ್ಣ? ಕೆಂಪು ಕುದುರೆ ಅಂತ ನೀನು ಕಾಗದದಲ್ಲಿ ಬರೆದಿದ್ದೆ."

ಅಣ್ಣ ಮೊಟ್ಟೆ ಬಿಡಿಸುತ್ತಿದ್ದರು. ಬಿಡಿಸುವುದನ್ನು ನಿಲ್ಲಿಸಿದರು.

"ಕೆಂಪು ಅಂತ ಬೇರೆ ಬರೆದಿದ್ನಾ?"

"ಬರೆದಿದ್ದೆ. ಬಾಲ ಬಿಳಿ ಅಂತಲೂ ಬರೆದಿದ್ದೆ."

"ಅಲ್ವೇ ತಂಗಿ, ನಮ್ಮನೇಲಿ ಒಂದು ಮೇಕೆ ಕಟ್ಟೋಕೆ ಜಾಗ ಇರಲಿಲ್ಲ, ಆ ಗಲ್ಲೀಲಿ ಸೈಕಲ್ ಬಂದ್ರೆ ನಾವು ಗೋಡೆಗೆ ಅಂಟ್ಕೊಳ್ತಿದ್ವಿ. ಕುದುರೆ ಎಲ್ಲಿಂದ ಬಂತು ಅಂತ ನೀನು ಇಷ್ಟು ವರ್ಷ ಯೋಚನೇನೇ ಮಾಡಿಲ್ವಾ?"

ಕಡ್ಡಿಯ ಬಾಯಿಯ ತುತ್ತು ಬಾಯಲ್ಲೇ ಉಳಿಯಿತು.

"ಮತ್ತೆ?" ಅಂದರು ಅತ್ತೆ.

"ಅಮ್ಮ ಮಂಚದಿಂದ ಎದ್ದು ನಿಂತ್ಲು. ಅಷ್ಟೇ. ನಿಂತಲ್ಲೇ ಕುಸಿದ್ಲು. ನೀನು ಆಗ ಗಂಡನ ಮನೇಲಿ, ಈ ನಿನ್ನ ಮಗ ಹೊಟ್ಟೇಲಿದ್ದ. ನಾನು ಕಾಗದ ಬರೆಯೋಕೆ ಕೂತೆ. ಅಮ್ಮನೇ ಮಲಗಿದ್ದಲ್ಲಿಂದ ಹೇಳಿದ್ಲು: ಎದ್ದು ನಿಂತು ಬಿದ್ದೆ ಅಂತ ಬರೀಬೇಡ್ವೋ, ಮಾನ ಹೋಗುತ್ತೆ. ಕುದುರೆ ಒದೀತು ಅಂತ ಬರಿ." ಅಣ್ಣ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟರು. "ಬಣ್ಣ ನಾನು ಸೇರಿಸಿದ್ದು. ಆಮೇಲೆ ಅವಳು ಎದ್ದು ಓಡಾಡಲೇ ಇಲ್ಲ, ಗೊತ್ತಲ್ಲ. ಹೇಳೋಣ ಅಂದ್ಕೊಂಡೆ. ಆದ್ರೆ ನೀನು ಆ ಕುದುರೇನ ಎಲ್ಲರ ಮುಂದೆ ಎಷ್ಟು ಚೆನ್ನಾಗಿ ಓಡಿಸ್ತಿದ್ದೆ ಅಂದ್ರೆ, ಹಿಡಿದು ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

ಸೊಸೆಗೆ ತಾನು ಹೊತ್ತು ತಂದ ಏಣಿ ನೆನಪಾಯಿತು. ತಾಯಿ ಮಗನಿಗೆ ಹೇಳಿದ ಮಾತೂ, ಐದು ವಾರದ ಹಿಂದೆ ಬೀರುವಿನ ಮುಂದೆ ತಾನು ಕೇಳಿದ ಮಾತೂ ಒಂದೇ ಗಂಟಲಿನಿಂದ ಬಂದ ಹಾಗಿದ್ದವು.

"ಅಂದ್ರೆ ಅಜ್ಜಿಯ ಮೂಳೆ ಮೊದಲೇ ಟೊಳ್ಳಾಗಿತ್ತು," ಅಂದಳು ಟಿಕೆಟ್ಟಕ್ಕ. "ನಮ್ಮಮ್ಮನ ವಿಷಯ ಬೇರೆ, ಬಿಡಿ. ಇವರು ಅಷ್ಟೆತ್ತರದ ಏಣಿಯಿಂದ ಬಿದ್ದದ್ದು. ಹಿಡ್ಕೊಳ್ಳೋರು ಹಿಡ್ಕೊಂಡಿದ್ರೆ..."

ಸೊಸೆ ಅತ್ತೆಯನ್ನು ನೋಡಿದಳು. ಅತ್ತೆ ತಟ್ಟೆ ಎತ್ತಿಕೊಂಡು ಎದ್ದುಹೋದರು. ಅರ್ಧ ಊಟ ಹಾಗೇ ಇತ್ತು. ಆ ಮನೆಯಲ್ಲಿ ಅವರು ಊಟ ಬಿಟ್ಟು ಎದ್ದದ್ದು ಅದೇ ಮೊದಲು.

ಮುಂದಿನ ಒಂದು ವಾರ ಅತ್ತೆ ಯಾರಿಗೂ ಕುದುರೆಯ ಕತೆ ಹೇಳಲಿಲ್ಲ. ಅಣ್ಣ ಫೋನು ಮಾಡಿದರೆ, "ಇಲ್ಲ ಅನ್ನು, ಕುದುರೆ ಮೇಯಿಸೋಕೆ ಹೋಗಿದ್ದಾಳೆ ಅನ್ನು," ಅಂತ ಸಿಡುಕಿದರು. ಆದರೆ ಕಡ್ಡಿ ಹಾಲಿನ ಲೋಟವನ್ನು ಹಾಗೇ ಬಿಟ್ಟು ಎದ್ದರೆ ಹಿಂದೆಯೇ ಹೋಗಿ ಕುಡಿಸಿಯೇ ಬರುತ್ತಿದ್ದರು. ಒಂದು ಮಧ್ಯಾಹ್ನ ಮೊಮ್ಮಗಳ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಏನಜ್ಜಿ, ಬಳೆ ಕೊಡಿಸ್ತೀರಾ?"

"ಮೊದ್ಲು ಬಳೆ ನಿಲ್ಲೋ ಅಷ್ಟು ಕೈ ಬೆಳೆಸು."

ಪ್ಲಾಸ್ಟರು ಬಿಚ್ಚುವ ದಿನ ಸೊಸೆಯ ಜೊತೆ ಟಿಕೆಟ್ಟಕ್ಕನೂ ಹೊರಟಳು. ಡಾಕ್ಟರಮ್ಮ ಕೈಯನ್ನು ಹಾಗೆ ಹೀಗೆ ತಿರುಗಿಸಿ ನೋಡಿ, "ಚೆನ್ನಾಗಿ ಕೂಡಿದೆ ಅಜ್ಜಿ. ವ್ಯಾಯಾಮ ಹೇಳಿಕೊಡ್ತಾರೆ, ಮಾಡಿ. ಎರಡು ತಿಂಗಳಾದ ಮೇಲೆ ನಿಮ್ಮ ಏಣೀನೂ ಹತ್ತಬಹುದು, ಜೋಪಾನ," ಅಂದರು.

ಆರು ವಾರದಿಂದ ಅತ್ತೆ ಕಾದಿದ್ದ ಮಾತು ಇದೇ. ಸೊಸೆ ಒಂದು ಹೆಜ್ಜೆ ಮುಂದೆ ಬಂದಳು. ಈಗ ತಾನು ಬಾಯಿ ಬಿಡದಿದ್ದರೆ ಮುಂದಿನ ಸಲ ಹಾಸಿಗೆಯೇ ಗತಿ. ಬಿಟ್ಟರೆ ಅತ್ತೆ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. "ಡಾಕ್ಟ್ರೇ..." ಅಂದಳು. ಅತ್ತೆ ಅವಳ ಮೊಣಕೈ ಹಿಡಿದರು. ಆಗಷ್ಟೇ ಪ್ಲಾಸ್ಟರು ಬಿಚ್ಚಿದ, ಬಿಳಿಚಿಕೊಂಡ ಕೈ. ಅದರಲ್ಲಿ ಬಲವೇ ಇರಲಿಲ್ಲ.

ಆ ಹೊತ್ತಿಗೆ ಟಿಕೆಟ್ಟಕ್ಕ ಕುರ್ಚಿ ಎಳೆದುಕೊಳ್ಳಲು ಎರಡು ಹೆಜ್ಜೆ ಕುಂಟಿದಳು. ಅತ್ತೆಯ ಕಣ್ಣು ಮಗಳ ಪಾದದ ಮೇಲೆ ನಿಂತಿತು.

"ಡಾಕ್ಟರಮ್ಮಾ, ಎಷ್ಟು ಎತ್ತರದಿಂದ ಬಿದ್ದೆ ಅಂತ ಇನ್ನೊಂದ್ಸಲ ಕೇಳಿ," ಅಂದರು ಅತ್ತೆ.

"ಎಷ್ಟು?"

ಅತ್ತೆ ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದರು. "ಇಷ್ಟು. ಮಣೆಯಿಂದ. ಏಣೀನ ಆಮೇಲೆ ಇವಳ ಕೈಲಿ ತರಿಸಿ ಪಕ್ಕದಲ್ಲಿ ಮಲಗಿಸ್ದೆ."

"ಅಮ್ಮಾ!" ಅಂದಳು ಟಿಕೆಟ್ಟಕ್ಕ.

"ಇನ್ನೂ ಇದೆ. ಕುದುರೇನೂ ಇರಲಿಲ್ಲವಂತೆ. ನಮ್ಮಮ್ಮ ಎದ್ದು ನಿಂತು ಬಿದ್ದದ್ದಂತೆ."

ಡಾಕ್ಟರಮ್ಮ ಈ ಸಲ ಪೆನ್ನು ಎತ್ತಿಕೊಂಡವರು ಕೆಳಗಿಡಲಿಲ್ಲ. ಮೂಳೆಯ ಗಟ್ಟಿತನ ಬಹುಪಾಲು ರಕ್ತದಲ್ಲೇ ಬರುತ್ತದೆ, ತಾಯಿಗೆ ಸೊಂಟ ಮುರಿದಿದ್ದರೆ ಮಕ್ಕಳು ಎಚ್ಚರವಾಗಿರಬೇಕು ಅಂದರು. "ಆದ್ರೆ ಬಂದದ್ದನ್ನ ಹಾಗೇ ಇಟ್ಕೊಂಡು ಕೂರಬೇಕು ಅಂತೇನಿಲ್ಲ. ಇದಕ್ಕೆ ಪರೀಕ್ಷೆ ಇದೆ, ಔಷಧಿ ಇದೆ." ಆಮೇಲೆ ಟಿಕೆಟ್ಟಕ್ಕನ ಕಡೆ ತಿರುಗಿದರು. "ನೀವು ಮಗಳಾ? ನಿಮಗೆ ಏನಾದ್ರೂ ಮುರಿದಿತ್ತಾ?"

"ಪಾದ. ಹೋದ ವರ್ಷ. ಬಸ್ಸು ಬ್ರೇಕ್ ಹಾಕ್ತು ನೋಡಿ..."

ಅತ್ತೆ ಅವಳನ್ನೇ ನೋಡುತ್ತಿದ್ದರು. ಸೊಸೆಯೂ ನೋಡುತ್ತಿದ್ದಳು.

"ಬಸ್ಸು ಇನ್ನೂ ಬಂದಿರಲಿಲ್ಲ," ಅಂದಳು ಟಿಕೆಟ್ಟಕ್ಕ. ಜೀವಮಾನದಲ್ಲಿ ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಕಾಯ್ತಾ ನಿಂತಿದ್ದೆ. ಫುಟ್‌ಪಾತಿನಿಂದ ಕೆಳಗೆ ಕಾಲಿಟ್ಟೆ, ಅಷ್ಟೇ."

ಡಾಕ್ಟರಮ್ಮ ಕನ್ನಡಕ ತೆಗೆದು ನಕ್ಕರು. "ನಿಮ್ಮ ಮನೇಲಿ ಮೂಳೆಗಿಂತ ಕತೆಗಳೇ ಗಟ್ಟಿ!"

ಹೊರಗೆ ಬಂದು ಆಟೋ ಕಾಯುವಾಗ ಟಿಕೆಟ್ಟಕ್ಕ ಸೊಸೆಯ ಪಕ್ಕಕ್ಕೆ ಬಂದಳು. "ಆವತ್ತು ಊಟದ ಹೊತ್ತಲ್ಲಿ ಅಷ್ಟು ಅಂದ್ನಲ್ಲೇ, ಒಂದು ಮಾತು ತಿರುಗಿ ಹೇಳೋದಲ್ವಾ?"

"ಅತ್ತೆ ಆಣೆ ಹಾಕಿಸಿದ್ರು."

"ಈ ಮುದುಕೀನಾ?"

"ಮುದುಕಿಗೆ ಕಿವಿ ಇನ್ನೂ ಕೇಳುತ್ತೆ," ಅಂದರು ಅತ್ತೆ. "ಸೊಸೆಯ ಮುಂದೆ ಕಿವಿ ಹಿಡ್ಕೊಳ್ಳೋದಿದ್ರೆ ನಾನು ಮೊದ್ಲು ಹಿಡ್ಕೋತೀನಿ, ನೀನು ಹಿಂದೆ ನಿಂತ್ಕೋ. ಟಿಕೆಟ್ಟಿಗೆ ಸಾಲು ಇರಲ್ವಾ, ಹಾಗೆ."

ಹತ್ತು ದಿನಕ್ಕೆ ಪರೀಕ್ಷೆಯ ಫಲಿತಾಂಶ ಬಂತು. ಅತ್ತೆಯ ಮೂಳೆ ಬಹಳ ತೆಳುವಾಗಿತ್ತು, ಟಿಕೆಟ್ಟಕ್ಕನದು ತೆಳುವಾಗಲು ಹೊರಟಿತ್ತು. ಕಡ್ಡಿಗೆ ಪರೀಕ್ಷೆ ಬೇಡ, ಆದರೆ ಮೂಳೆ ಕಟ್ಟುವ ವಯಸ್ಸು ಇದೇ, ಚೆನ್ನಾಗಿ ಉಣ್ಣಲಿ, ಬಿಸಿಲಲ್ಲಿ ಓಡಾಡಲಿ, ಭಾರ ಎತ್ತಲಿ ಅಂದರು. ಬಟ್ಟೆಯ ಥಾನುಗಳನ್ನು ಅಂಗಡಿಯೊಳಗೆ ಹೊರುವ ಕೆಲಸ ಅಂದೇ ಅವಳ ಪಾಲಿಗೆ ಬಂತು.

"ಇದು ಔಷಧೀನಾ, ದುಡಿಸೋ ಉಪಾಯಾನಾ?" ಅಂದಳು ಕಡ್ಡಿ.

"ಎರಡೂ," ಅಂದ ಅವಳಪ್ಪ.

ಅತ್ತೆಗೆ ವಾರಕ್ಕೊಂದು ಮಾತ್ರೆ. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಆ ಅರ್ಧ ಗಂಟೆ ಅತ್ತೆ ಅಂಗಡಿಯ ಕುರ್ಚಿಯಲ್ಲಿ ಫೋಟೋಕ್ಕೆ ಕೂತವರ ಹಾಗೆ ನೆಟ್ಟಗೆ ಕೂತು, ಟೀಗಾಗಿ ಗೋಡೆಯ ಗಡಿಯಾರವನ್ನು ಗದರಿಸುತ್ತಿದ್ದರು. ಏಣಿಯ ಮಾತು ಬಂದಾಗ ಒಂದು ವಾರ ಜಗಳವಾಯಿತು. ಮಗ ಬೇಡವೇ ಬೇಡ ಅಂದ, ಅತ್ತೆ ನನ್ನ ಕಾಲು ನನ್ನ ಇಷ್ಟ ಅಂದರು. ತೀರ್ಪು ಕೊಟ್ಟವಳು ಸೊಸೆ: "ನೀವು ಅಳತೆ ತೆಗೀರಿ, ಬಣ್ಣ ಆರಿಸಿ, ಗಿರಾಕಿ ಹತ್ರ ಮಾತಾಡಿ. ಮೇಲೆ ನಾನು. ನಿಮ್ಮ ಎಡ ಯಾವುದು ಅಂತ ನಾನು ಕಲಿತ್ಕೋತೀನಿ." ಇಪ್ಪತ್ತೊಂದು ವರ್ಷದಲ್ಲಿ ಅತ್ತೆಗೆ ಎದುರಾಡಿ ಗೆದ್ದವರಲ್ಲಿ ಅವಳೇ ಮೊದಲಿಗಳು. ಸೋತವರು ಬೇಜಾರು ಮಾಡಿಕೊಂಡ ಹಾಗೇನೂ ಕಾಣಲಿಲ್ಲ.

ಮೂರು ತಿಂಗಳಿಗೆ ಮತ್ತೆ ತೋರಿಸಲು ಹೋದಾಗ ಆಸ್ಪತ್ರೆಯ ಬೆಂಚಿನಲ್ಲಿ ಅತ್ತೆಯ ವಯಸ್ಸಿನ ಇನ್ನೊಬ್ಬ ಹೆಂಗಸು ಕೂತಿದ್ದರು. ಭುಜದಿಂದ ಬೆರಳಿನ ತನಕ ಬ್ಯಾಂಡೇಜು. ಪಕ್ಕದಲ್ಲಿದ್ದ ಮಗ ಕೇಳಿದವರಿಗೆಲ್ಲ ಹೇಳುತ್ತಿದ್ದ, "ಮಹಡಿಯಿಂದ ಉರುಳಿದ್ರು ಪಾಪ. ಹದಿನಾಲ್ಕು ಮೆಟ್ಟಿಲು!" ಹೆಂಗಸು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಮಗ ಚೀಟಿ ಮಾಡಿಸಲು ಎದ್ದುಹೋದ. ಅತ್ತೆ ಬೆಂಚಿನ ಮೇಲೆ ಮೆಲ್ಲಗೆ ಸರಿದು ಸರಿದು ಆ ಹೆಂಗಸಿನ ಪಕ್ಕಕ್ಕೆ ಹೋದರು. ಸೊಸೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹದಿನಾಲ್ಕಾ?" ಅಂದರು ಅತ್ತೆ.

"ಹದಿನಾಲ್ಕು."

"ತಲೆಗೆ ಏನೂ ಆಗಲಿಲ್ವಾ? ಮೊಣಕಾಲು ತರಚಲಿಲ್ವಾ?"

ಆ ಹೆಂಗಸು ಬ್ಯಾಂಡೇಜಿನ ಅಂಚು ಸರಿಮಾಡಿಕೊಂಡರು.

"ನನ್ನ ಹತ್ರ ಹೇಳಿ ಪರವಾಗಿಲ್ಲ. ಎಷ್ಟು ಮೆಟ್ಟಿಲು?"

ಹೆಂಗಸು ಮಗ ಹೋದ ಕಡೆ ಒಮ್ಮೆ ನೋಡಿದರು, ಸೊಸೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಅತ್ತೆಯ ಕಿವಿಯ ಹತ್ತಿರ ಬಗ್ಗಿದರು.

"ಚಪ್ಪಲಿ ಹಾಕ್ಕೊಳ್ತಿದ್ದೆ."

"ಹಾಗೆ ಬನ್ನಿ ದಾರಿಗೆ. ಹೆಣ್ಣುಮಕ್ಕಳಿದ್ದಾರಾ?"

"ಇಬ್ಬರು."

ಒಳಗಿನಿಂದ ನರ್ಸ್ ಆ ಹೆಂಗಸಿನ ಹೆಸರು ಕೂಗಿದಳು. ಅತ್ತೆ ಅವರ ಒಳ್ಳೆಯ ಕೈ ಹಿಡಿದು ನಿಧಾನಕ್ಕೆ ಎಬ್ಬಿಸಿ ನಿಲ್ಲಿಸಿದರು.

"ಹೋಗಿ. ಚಪ್ಪಲಿ ಅಂತಾನೇ ಹೇಳಿ," ಅಂದರು.